ಲಾಲಮ್ಮನ ಪಾಳಿ

ಮೂರು ಮನೆಗಳಿಗೆ ಸೇರಿ ಸೆಂಟ್ರಿಂಗ್ ಸಾಮಾನು ಒಂದೇ ಒಂದು ಜೊತೆ. ಮನೆಯ ಮೇಲೆ ಕಾಂಕ್ರೀಟಿನ ಛತ್ತು ಹಾಕುವಾಗ ಕೆಳಗೆ ಆನಿಸುವ ತಗಡು, ಕಂಬ ಎಲ್ಲ ಮನೆ ಕಟ್ಟುವ ಗೌಂಡಿ ಇಸ್ಮಾಯಿಲಸಾಬನವು. ಬೋನಾಳದ ನಮ್ಮ ಓಣಿಯಲ್ಲಿ ಸರ್ಕಾರದ ಮನೆ ಮಂಜೂರಾದದ್ದು ಅನ್ನಮ್ಮನಿಗೆ, ನನಗೆ, ಮಲ್ಲೇಶ್ವರಿಗೆ. ಸಾಮಾನಿನ ಪಾಳಿಯೂ ಅದೇ ಕ್ರಮದಲ್ಲಿ. ಹಳೇ ಮನೆ ಕೆಡವಿ, ಹೊಸ ಗೋಡೆ ಎಬ್ಬಿಸಿ, ಗಂಡ ಮತ್ತು ಅತ್ತೆಯ ಜೊತೆ ತಗಡಿನ ಶೆಡ್ಡಿನಲ್ಲಿ ಕೂತಿದ್ದೆ. ಮಳೆಗೆ ಮುಂಚೆ ನನಗೆ ಛತ್ತು ಬೇಕು, ಅಷ್ಟೇ.

ಸರ್ಕಾರದ ಕಂತಿನ ದುಡ್ಡು ಬಂದ ದಿನವೇ ಸುರಪುರದಿಂದ ಸಿಮೆಂಟ್ ತರಿಸಿ ಹಾಕಿದೆ. ದುಡ್ಡಾಗಿದ್ದರೆ ಗಂಡ ಭೀಮು ಬಿಡುತ್ತಿದ್ದನೇ? ಸಿಮೆಂಟನ್ನು ಕುಡಿಯಲಾಗದು. ಶೆಡ್ಡಿನಲ್ಲಿ ಕಾಲು ಚಾಚಲೂ ಜಾಗವಿಲ್ಲ. ಚೀಲಗಳನ್ನು ಹೊರಗೆ ಒಟ್ಟಿ ತಾಡಪಾಲ ಹೊದಿಸಿದೆ.

ಸಾಮಾನು ಮಾತ್ರ ಅನ್ನಮ್ಮನ ಛತ್ತಿನ ಕೆಳಗೇ ನಿಂತಿತ್ತು. ಆಕೆ ಛತ್ತು ಹಾಕಿಸಿದವಳೇ ಅಬ್ಬೆತುಮಕೂರಿನ ಮಗಳ ಮನೆಗೆ ಹೋದಳು. ಹೊಸ ಛತ್ತಿಗೆ ನೀರು ಹೊಡೆಯುವವರು ಯಾರು? ನನಗೆ ಮೈಯೆಲ್ಲ ಉರಿಯಿತು.

"ಕಾಕಾ, ಕಂಬ ತಗೀರಿ. ನನ್ನ ಸಿಮೆಂಟ್ ಗಡ್ಡಿ ಕಟ್ತದ."

"ಈಗ ತಗದ್ರ ಛತ್ತು ತಲಿ ಮ್ಯಾಲೆ ಬೀಳ್ತದವ್ವ," ಎಂದ ಇಸ್ಮಾಯಿಲಸಾಬ. "ನೀರು ಕುಡದು ಗಟ್ಟಿ ಆಗಬೇಕು."

"ಆಕಿ ಊರಾಗಿಲ್ಲ. ನಾ ಏನ್ ಆಕಿ ಆಳೇನು?"

"ಹಂಗಾದ್ರ ಕಾಯ್ಬೇಕು ನೋಡು."

ಕಾಯುವವಳು ನಾನಲ್ಲ. ಕೊಡ ಹೊತ್ತು ಏಣಿ ಹತ್ತಿದೆ. ಬೆಳಿಗ್ಗೆ, ಸಂಜೆ. ಅತ್ತೆಯ ಜಳಕದ ನೀರನ್ನೂ ಅನ್ನಮ್ಮನ ಛತ್ತಿಗೇ ಸುರಿದೆ. ಕೊಡಕ್ಕೊಂದು ಬೈಗುಳ ಬೇರೆ. ಇಳಿದು ಬಂದು ಚೀಲ ಒತ್ತಿ ನೋಡುವುದು, ಮೋಡ ನೋಡುವುದು, ಮತ್ತೆ ಚೀಲ ಒತ್ತುವುದು.

"ಒಂದ್ ಕಡಿ ಕುಂದ್ರು ಲಾಲಮ್ಮ, ನನಗ ತಲಿ ತಿರುಗಾಕತ್ತದ," ಎಂದು ಅತ್ತೆ ಹಣಮಮ್ಮ ಗದರಿದಳು.

ಕೊನೆಗೊಂದು ಮಧ್ಯಾಹ್ನ ಇಸ್ಮಾಯಿಲಸಾಬ ಛತ್ತು ಬಡಿದು ನೋಡಿ ಕಂಬ ಬಿಚ್ಚತೊಡಗಿದ. ನಾನೇ ತಗಡು ಹೊತ್ತು ಹೊರಗಿಡುತ್ತಿದ್ದೆ. ಆಗಲೇ ಗಾಳಿ ಎದ್ದಿತು. ಧೂಳು, ಗುಡುಗು, ನೋಡುನೋಡುತ್ತಲೇ ಮಳೆ. ಓಡಿದೆ. ತಾಡಪಾಲ ಹಾರಿ ಜಾಲಿ ಮುಳ್ಳಿಗೆ ಸಿಕ್ಕಿತ್ತು. ಅತ್ತೆ ಚೀಲಗಳ ಮೇಲೆ ಸೆರಗು ಹರಡಿಕೊಂಡು ಕೂತಿದ್ದಳು, ಆಕೆಯ ಕಾಲಡಿಯಿಂದ ಬೂದು ನೀರು ಹರಿಯುತ್ತಿತ್ತು. ಚೀಲಗಳೆಲ್ಲ ನೆನೆದು ಹಾಳಾಗಿದ್ದವು.

ಮಳೆ ನಿಂತ ಮೇಲೆ ಇಸ್ಮಾಯಿಲಸಾಬ ಹೆಗಲ ಮೇಲೆ ಕಂಬ ಹೊತ್ತು ಬಂದ. ಹಿಂದೆ ಮಲ್ಲೇಶ್ವರಿ. ಆಕೆಯ ಸಿಮೆಂಟ್ ತಮ್ಮನ ಮನೆಯೊಳಗೆ ಒಣಗಿಯೇ ಇತ್ತು. ಆ ಕಂಬವನ್ನೇ ನೋಡುತ್ತ ನಿಂತಳು.

"ಪಾಳಿ ನಿಂದವ್ವ. ಹೊಸಾ ಸಿಮೆಂಟ್ ಬರೋತನಕ ಇಲ್ಲೇ ಇಳಸ್ಲೇನು?" ಎಂದು ಇಸ್ಮಾಯಿಲಸಾಬ ಕೇಳಿದ.

ಇಳಿಸಿರಿ ಎನ್ನಲೆಂದೇ ಬಾಯಿ ತೆರೆದೆ. ಆದರೆ ಮುಂದಿನ ಕಂತು ಬರುವುದು ಛತ್ತು ಹಾಕಿದ ಮೇಲೆ. ಅಲ್ಲಿಯವರೆಗೆ ಸಿಮೆಂಟಿಗೆ ದುಡ್ಡೆಲ್ಲಿ? ಕಂಬಗಳು ನನ್ನ ಅಂಗಳದಲ್ಲಿ ತುಕ್ಕು ಹಿಡಿಯುತ್ತವೆ, ಮಲ್ಲೇಶ್ವರಿಯೂ ನನ್ನಂತೆ ಮಳೆಯಲ್ಲಿ ನೆನೆಯುತ್ತಾಳೆ.

"ಆಕಿ ಮನಿಗೆ ಒಯ್ರಿ!" ಎಂದು ಚೀರಿದೆ. "ಲಗೂನ ಒಯ್ರಿ, ನನ್ನ ಕಣ್ಣ ಮುಂದ ಇಡಬ್ಯಾಡ್ರಿ!"

ಅವರು ಸಾಮಾನು ಹೊತ್ತು ಓಣಿ ದಾಟುವವರೆಗೂ ಅತ್ತೆ ನನ್ನ ಕೈ ಬಿಡಲಿಲ್ಲ. ಬಿಟ್ಟಿದ್ದರೆ ಓಡಿಹೋಗಿ ಕಸಿದುಕೊಂಡು ಬರುತ್ತಿದ್ದೆ.