ನೆಲದಿಂದ ಎದ್ದ ಹೊಡೆತ

ಬಾಹುಬಲಿ ಸರ್ ತನಗೆ ಬೇಕಂತಲೇ ತಪ್ಪು ಕಲಿಸುತ್ತಿದ್ದಾರೆ ಎಂದು ತಿಳಿಯಲು ಸರಿತಾಗೆ ಮೂರು ತಿಂಗಳು ಬೇಕಾಯಿತು.

ಅವಳು ಅಂಕಲಿಯ ಗ್ರಾಮ ಆಡಳಿತ ಅಧಿಕಾರಿ. ಮನೆ ಚಿಕ್ಕೋಡಿಯಲ್ಲಿ, ವಯಸ್ಸು ಮೂವತ್ತು. ಸರ್ಕಾರಿ ನೌಕರರ ರಾಜ್ಯ ಕ್ರೀಡಾಕೂಟದ ಟೆನಿಸ್‌ಗೆ ಜಿಲ್ಲೆಯಿಂದ ಒಬ್ಬ ಮಹಿಳೆಯನ್ನು ಆರಿಸುತ್ತಾರೆಂದು ಗೊತ್ತಾದ ಮೇಲೆ, ಕಾಲೇಜಿನಲ್ಲಿ ಬಿಟ್ಟಿದ್ದ ರ್‍ಯಾಕೆಟ್ಟನ್ನು ಮತ್ತೆ ಕೈಗೆತ್ತಿಕೊಂಡಿದ್ದಳು. ವಾರಕ್ಕೆ ಮೂರು ದಿನ ಮೊದಲ ಬಸ್ಸು ಹಿಡಿದು ನಿಪ್ಪಾಣಿಯ ಕ್ಲಬ್ಬಿಗೆ ಹೋಗುತ್ತಿದ್ದಳು. ಅಲ್ಲಿ ಕಲಿಸುತ್ತಿದ್ದವರು ನಿವೃತ್ತ ದೈಹಿಕ ಶಿಕ್ಷಕ ಬಾಹುಬಲಿ.

"ಕಾಲು ಅಲಗಾಡಬಾರದ್ರಿ ಮೇಡಮ್. ನೆಲಕ್ಕ ಮೊಳಿ ಬಡದಂಗ ನಿಲ್ರಿ. ಸರ್ವ್ ಅಂದ್ರ ತೋಳಿನ ಆಟ, ತೋಳಿಲೇ ಬಡೀರಿ" ಎನ್ನುತ್ತಿದ್ದರು.

ಅವಳು ಹಾಗೆಯೇ ಬಡಿದಳು. ಚೆಂಡು ನೆಟ್ಟಿಗೆ ಬಡಿದು ಬೀಳುತ್ತಿತ್ತು, ದಾಟಿದರೂ ಸತ್ತಂತೆ ಹೋಗುತ್ತಿತ್ತು. ಎರಡನೇ ತಿಂಗಳಿಗೆ ಬಲಗೈಯಿಂದ ತಲೆ ಬಾಚಿಕೊಳ್ಳುವುದೂ ಕಷ್ಟವಾಯಿತು. "ಹೊಸದಾಗಿ ಹಂಗ ಇರ್ತೈತ್ರಿ, ಇನ್ನೂ ಜೋರ ಬಡೀರಿ" ಎಂದು ಸರ್ ನಕ್ಕರು.

ಒಂದು ದಿನ ಅವಳು ಎಂದಿಗಿಂತ ಮುಂಚೆಯೇ ಬಂದಳು. ಟೆನಿಸ್ ಅಂಗಳದಲ್ಲಿ ಸರ್ ತಮ್ಮ ಅಣ್ಣನ ಮಗಳು ಮಯೂರಿಗೆ ಕಲಿಸುತ್ತಿದ್ದರು. ಮಯೂರಿ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಗುಮಾಸ್ತೆ. ಅದೇ ಒಂದು ಸ್ಥಾನಕ್ಕೆ ಅವಳೂ ಆಡುವವಳಿದ್ದಳು.

"ಮೊಣಕಾಲ ಮಡಚು! ನೆಲಾ ಒದಿ! ಕೈ ಸಡಲ ಬಿಡ, ಕೈಯಿಂದ ಬಡೀಬ್ಯಾಡ ಅಂತ ಎಷ್ಟ ಸಲ ಹೇಳಲಿ ನಿನಗ?" ಎಂದು ಸರ್ ಕೂಗುತ್ತಿದ್ದರು.

ಸರಿತಾ ಬ್ಯಾಗು ನೆಲಕ್ಕೆ ಹಾಕಿ ನೇರ ಅವರ ಮುಂದೆ ಹೋಗಿ ನಿಂತಳು.

"ನನಗ ಯಾಕ ಉಲ್ಟಾ ಕಲಿಸಿದ್ರಿ ಸರ್?"

ಅವರು ತಡವರಿಸಲಿಲ್ಲ. "ಅಂಕಲ್ಯಾಗ ತಾರಾಬಾಯಿ ಹೆಸರಿನ ಹೊಲಾ ನೆನಪೈತೇನ್ರಿ? ಬೇಲಿ ಗಾಡಿದಾರಿ ನುಂಗೇತಿ ಅಂತ ಪಂಚನಾಮಿ ಬರದವರು ನೀವ. ತಾರಾಬಾಯಿ ನನ್ನ ಹೇಣ್ತಿ. ಜೆಸಿಬಿ ತಂದು ಬೇಲಿ ಕಿತ್ತಿದ್ದನ್ನ ಊರ ಮಂದಿ ನಿಂತು ನೋಡ್ಯಾರ."

"ಬೇಲಿ ದಾರಿಯೊಳಗ ಇತ್ರಿ. ನಾನ ಮುಂದ ನಿಂತು ಅಳತಿ ಮಾಡಿಸೇನಿ."

"ಮಾಡಸ್ರಿ. ನಿಮ್ಮ ಹೆಗಲಿನ ಅಳತಿ ನಾನೂ ತಗೊಂಡೇನಿ. ಇನ್ನ ಒಂದ ತಿಂಗಳ ಹಿಂಗ ಬಡದ್ರ ಕೊಡಾ ಎತ್ತಾಕೂ ಬರಂಗಿಲ್ಲ."

ಸರಿತಾಳ ಮೈಯೆಲ್ಲ ಉರಿಯಿತು. ಇಷ್ಟು ದಿನ ಈ ಮನುಷ್ಯನಿಗೆ ನಮಸ್ಕಾರ ಮಾಡಿ ಅಂಗಳಕ್ಕೆ ಇಳಿಯುತ್ತಿದ್ದೆನಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು. ಬ್ಯಾಗು ಎತ್ತಿಕೊಂಡು ಹೊರಗೆ ನಡೆದಳು.

ಗೇಟಿನ ಹತ್ತಿರ ಮಯೂರಿ ಓಡಿ ಬಂದು ಅಡ್ಡ ನಿಂತಳು. "ರವಿವಾರ ಮಧ್ಯಾಹ್ನ ಬರ್ರಿ. ಕಾಕಾ ಆ ಹೊತ್ನ್ಯಾಗ ಮಲಗಿರ್ತಾರ. ನಾ ತೋರಸ್ತೇನಿ."

"ನಿನಗೇನ ಬಂದೈತಿ ನನ್ನ ಮ್ಯಾಲ ಕರುಣಾ?"

"ಕರುಣಾ ಅಲ್ರಿ. ಪಿಯುಸಿ ಮೊದಲನೇ ವರ್ಷದಾಗ ನನ್ನ ಹೆಗಲಿನ ನರಾ ಹರದಿತ್ತು. 'ನಾಟಕ ಮಾಡ್ತಾಳ' ಅಂತ ಕಾಕಾ ಮತ್ತೆರಡ ಮ್ಯಾಚ್ ಆಡಿಸಿದ್ರು. ಕೈ ಮುರದಾಕಿನ ಸೋಲಿಸಿ ಗೆದ್ದೆ ಅನಸ್ಕೊಳ್ಳಾಕ ನನಗ ನಾಚಿಕಿ. ನೆಟ್ಟಗ ನಿಂತಾಗ ಸೋಲಸ್ತೇನಿ ನಿಮ್ಮನ್ನ."

ಮಯೂರಿ ಕಲಿಸಿದ್ದರಲ್ಲೂ ಮಮತೆ ಇರಲಿಲ್ಲ. ಮೊದಲು ಸರಿತಾಳ ಬೆರಳುಗಳನ್ನು ಹಿಡಿಕೆಯಿಂದ ಬಿಡಿಸಿ ಹಾಕಿದಳು. "ಇದೇನ ರೊಟ್ಟಿ ಹಂಚ ಏನ್ರಿ? ಕೊಡಲಿ ಹಿಡದಂಗ ಹಿಡೀರಿ." ಚೆಂಡನ್ನು ಎಸೆಯಬಾರದು, ಎಡತೋಳು ನೇರವಾಗಿಟ್ಟು ಮೇಲೆತ್ತಿ ಕಣ್ಣಿನ ಮಟ್ಟದಲ್ಲಿ ಬಿಡಬೇಕು, ಅದು ತಲೆಯ ಮೇಲೆ ಅಲ್ಲ, ಸ್ವಲ್ಪ ಮುಂದೆ ಏರಬೇಕು. ಆ ಹೊತ್ತಿಗೆ ಮೊಣಕಾಲು ಮಡಚಿರಬೇಕು, ಎಡ ಹೆಗಲು ಮೇಲೆ, ಬಲ ಹೆಗಲು ಕೆಳಗೆ. ಆಮೇಲೆ ನೆಲವನ್ನು ಒದೆಯುವುದು. ಒದ್ದ ಬಲ ಸೊಂಟಕ್ಕೆ ಏರುತ್ತದೆ, ಸೊಂಟ ತಿರುಗಿ ಎದೆಯನ್ನು ತಿರುಗಿಸುತ್ತದೆ, ಎದೆ ಹೆಗಲನ್ನು ಎಳೆಯುತ್ತದೆ. ಅಷ್ಟರಲ್ಲಿ ರ್‍ಯಾಕೆಟ್ಟು ಬೆನ್ನ ಹಿಂದೆ ತಾನಾಗಿ ಜೋತು ಬಿದ್ದಿರುತ್ತದೆ. ಕೈಯ ಸರದಿ ಎಲ್ಲಕ್ಕಿಂತ ಕೊನೆಗೆ.

"ಕೈ ಬರೇ ಬಾರಕೋಲಿನ ತುದಿ ಇದ್ದಂಗ್ರಿ. ತುದಿ ಹಿಡದು ಯಾರರ ಬಾರಕೋಲ ಬೀಸ್ತಾರೇನು?"

ಸರಿತಾ ಬೀಸಿದಳು. ಚೆಂಡು ಬೇಲಿ ದಾಟಿತು. ಮತ್ತೆ ಬೀಸಿದಳು. "ಬಡದ ಮ್ಯಾಲ ಅಂಗೈ ಹೊರಗ ತಿರಗಬೇಕು. ತಿರಗಲಿಲ್ಲ. ಇನ್ನೊಂದ ಹೊಡೀರಿ." ಎರಡನೇ ರವಿವಾರ, ಎಷ್ಟನೆಯದೋ ಹೊಡೆತಕ್ಕೆ ಅವಳಿಗೆ ಕೈಯ ನೆನಪೇ ಇರಲಿಲ್ಲ. ಕೆಳಗಿನಿಂದ ಏನೋ ಎದ್ದು ಮೈಯೊಳಗೆ ಹಾದು ಹೋದಂತಾಯಿತು, ಎಡಗಾಲು ಗೆರೆಯೊಳಗೆ ಇಳಿದಿತ್ತು, ಚೆಂಡು ಆಚೆ ಗೆರೆಯೊಳಗೆ ಬಿದ್ದು ಪುಟಿದು ಹಿಂದಿನ ತಂತಿಬೇಲಿಗೆ ಬಡಿದು ಝಣ್ಣೆಂದಿತು. ಅವಳು ನಕ್ಕಳು. ಮಯೂರಿ ನಗಲಿಲ್ಲ. "ಒಂದ ಬಿದ್ರ ಸಾಲಂಗಿಲ್ರಿ" ಎಂದಳು.

ಆಯ್ಕೆಯ ದಿನ ಕೊನೆಗೆ ಉಳಿದವರು ಅವರಿಬ್ಬರೇ. ಒಂದೇ ಸೆಟ್ಟಿನ ಆಟ. ಅಂಪೈರ್ ಕುರ್ಚಿಯಲ್ಲಿ ಬಾಹುಬಲಿ ಸರ್. ಸರಿತಾ ತಕರಾರು ಮಾಡಿದಳು. ಆಯ್ಕೆ ಸಮಿತಿಯ ಅಣ್ಣಾಸಾಬ, "ಬ್ಯಾರೆ ಯಾರಿಗೂ ನಿಯಮ ಗೊತ್ತಿಲ್ರಿ ಮೇಡಮ್" ಎಂದು ಕೈ ಚೆಲ್ಲಿದರು.

ಮಯೂರಿ ಒಂದು ಚೆಂಡನ್ನೂ ಬಿಟ್ಟುಕೊಡಲಿಲ್ಲ. ಆದರೆ ಸರಿತಾಳ ಸರ್ವ್ ಅವಳ ಎದೆಯ ಎತ್ತರಕ್ಕೆ ನುಗ್ಗುತ್ತಿತ್ತು. ಸರ್ ಮೊದಲ ಸಲ ಅದನ್ನು ಕಂಡಾಗ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಸರಿತಾ ಐದು–ನಾಲ್ಕರಲ್ಲಿ ಮುಂದಿದ್ದಳು, ಸರ್ವ್ ಅವಳದೇ, ಇನ್ನೊಂದು ಗೇಮ್ ಗೆದ್ದರೆ ಸೆಟ್ಟು ಮುಗಿಯುತ್ತಿತ್ತು. ಆಗ ಶುರುವಾಯಿತು.

"ಫುಟ್ ಫಾಲ್ಟ್! ಕಾಲು ಗೆರಿ ತುಳದೈತಿ."

ತುಳಿದಿರಲಿಲ್ಲ. ಎರಡನೇ ಚೆಂಡಿಗೂ ಅದೇ ಕೂಗು. ಅಂಕ ಹೋಯಿತು. ಮುಂದಿನ ಅಂಕಕ್ಕೂ ಎರಡು ಸಲ ಹಾಗೆಯೇ ಕೂಗಿದರು. ಸರಿತಾ ಕುರ್ಚಿಯ ಕಡೆ ತಿರುಗಿ, "ನಾಚಿಕಿ ಆಗಂಗಿಲ್ಲೇನ್ರಿ ನಿಮಗ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ಆಮೇಲೆ ಗೆರೆಯಿಂದ ಒಂದು ಮಾರು ಹಿಂದೆ ಹೋಗಿ ನಿಂತಳು. ಅಲ್ಲಿಂದ ಹಾರಿದರೂ ಕಾಲು ಗೆರೆಗೆ ತಾಗುವಂತಿರಲಿಲ್ಲ. ಅಷ್ಟು ದೂರದಿಂದ ಹೊಡೆಯಬೇಕೆಂದರೆ ಇನ್ನೂ ಆಳಕ್ಕೆ ಕೂತು ಏಳಬೇಕು. ಅವಳು ಕೂತು ಎದ್ದಳು. ಒಂದರ ಮೇಲೊಂದು ನಾಲ್ಕು ಅಂಕ ಬಂದವು. ಕೊನೆಯದು ಮಯೂರಿಯ ರ್‍ಯಾಕೆಟ್ಟಿನ ಅಂಚಿಗೆ ತಾಗಿ ಬೇಲಿಯಾಚೆ ಹಾರಿತು. ಸೆಟ್ಟು ಸರಿತಾಳದಾಯಿತು.

ಸರ್ ಹಾಳೆಯಲ್ಲಿ ಅಂಕ ಬರೆಯಲಿಲ್ಲ.

"ಚೆಂಡು ಒಳಗ ಬಿದ್ದೈತಿ ಕಾಕಾ. ಬರೀರಿ" ಎಂದಳು ಮಯೂರಿ.

"ಈ ಸರ್ವ್ ಈಕಿಗೆ ಯಾರ ಕಲಿಸಿದ್ದು?"

"ನಾನ."

ಅವರು ಅಂಕದ ಹಾಳೆಯನ್ನು ಅವಳ ಕಾಲ ಬಳಿ ಒಗೆದು ಇಳಿದು ಹೋದರು. ಅಣ್ಣಾಸಾಬ ಅದನ್ನು ಎತ್ತಿ, ಮಣ್ಣು ಝಾಡಿಸಿ ಸಹಿ ಹಾಕಿದರು.

ಸರಿತಾ ನೆಟ್ಟಿನ ಹತ್ತಿರ ಬಂದು ಕೈ ಚಾಚಿದಳು. "ನಿನ್ನ ಉಪಕಾರ—"

"ಉಪಕಾರದ ಮಾತ ಬ್ಯಾಡ್ರಿ" ಎಂದು ಮಯೂರಿ ಬೆರಳ ತುದಿ ತಾಗಿಸಿ ಕೈ ಹಿಂದಕ್ಕೆ ಎಳೆದುಕೊಂಡಳು. ಕಣ್ಣು ಕೆಂಪಗಿದ್ದವು. "ಇವತ್ತ ಸೋತದ್ದು ನನಗ ಭಾಳ ಉರೀತೈತಿ."

ರಾಜ್ಯ ಕೂಟದಲ್ಲಿ ಸರಿತಾ ಎರಡನೇ ಸುತ್ತಿನಲ್ಲಿ ಸೋತು ಬಂದಳು. ಅದರ ಮುಂದಿನ ರವಿವಾರ ಮಧ್ಯಾಹ್ನ ನಿಪ್ಪಾಣಿಗೆ ಹೋದಾಗ ಮಯೂರಿ ಆಗಲೇ ಅಂಗಳದಲ್ಲಿದ್ದಳು. ಮಯೂರಿ ಆಚೆ ಬದಿಗೆ ಹೋಗಿ ರ್‍ಯಾಕೆಟ್ಟು ಎತ್ತಿ, ಹೊಡೆ ಎಂಬಂತೆ ಗದ್ದ ಎತ್ತಿ ಸನ್ನೆ ಮಾಡಿದಳು.