ಕೆಂಚಿಗೆ ಹಾಕಿದ ಮದ್ದು

ಹೆಬ್ಬೆರಳಿಗೆ ಹಲ್ಲು, ಆಮೇಲೆ ನೊರೆ, ನೊರೆಯ ಜೊತೆ ಮಾತ್ರೆಯೂ ಆಚೆಗೆ — ಥೂ ದರಿದ್ರದ್ದೇ, ಮತ್ತೆ ಉಗುಳಿತಲ್ಲ, ವಸಂತಮ್ಮ ಹಳೆ ಟವಲಿನಲ್ಲಿ ಸುತ್ತಿದ್ದ ಕೆಂಚಿಯನ್ನು ಮೊಣಕಾಲಿನ ಸಂದಿಯಲ್ಲಿ ಇನ್ನಷ್ಟು ಬಿಗಿದಳು, ಹಿತ್ತಲ ಬಾಗಿಲ ಬಿಸಿಲು ಬಿದ್ದು ಬೆಕ್ಕಿನ ಕಣ್ಣಪಾಪೆ ಗೀಟಾಯಿತು, ಆ ಗೀಟಿನ ಹಿಂದೆ ಏನಿದೆಯೋ, ಬೆಕ್ಕಿಗೆ ಯೋಚನೆ ಅನ್ನುವುದು ಇದೆಯೋ ಇಲ್ಲವೋ, ಇದ್ದರೆ ಈಗ ಇರುವುದು ಒಂದೇ, ಇವಳು ನನ್ನನ್ನು ಕೊಲ್ಲುತ್ತಾಳೆ, ಕಹಿಯಾದದ್ದೆಲ್ಲ ಅದಕ್ಕೆ ವಿಷವೇ ತಾನೇ, ಹಾಗಾದರೆ ಇದೂ ಅತ್ತೆಯ ಪಾರ್ಟಿಯೇ ಆಯಿತು. ಸಾಯಿ ಅತ್ಲಾಗೆ, ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು, ಸಾಯಬಾರದು, ಇದು ಸತ್ತರೆ ತನ್ನ ಕಥೆಯೂ ಮುಗಿದ ಹಾಗೆಯೇ — ನಡುಮನೆಯ ಮಂಚದಿಂದ ಅತ್ತೆ ಮಾದಮ್ಮನ ಗಂಟಲು, ಏನೇ ಮಾಡ್ತಿದ್ದೀಯ ಅದ್ಕೆ, ಏನೂ ಇಲ್ಲ ಅತ್ತೆ, ಮಾತ್ರೆ ಕೊಡ್ತಿದ್ದೀನಿ, ಮಾತ್ರೆ. ಮಾತ್ರೆ ಅನ್ನಬಹುದು, ಔಷಧಿ ಅನ್ನಬಹುದು, ಮದ್ದು ಅನ್ನುವುದನ್ನು ಮಾತ್ರ ಅವಳು ಈ ಮನೆಯಲ್ಲಿ ನಾಲಿಗೆಗೆ ತಂದುಕೊಳ್ಳುವುದಿಲ್ಲ, ಊರಿಗೆಲ್ಲ ಮದ್ದು ಅಂದರೆ ಔಷಧಿ, ಅತ್ತೆಗೆ ಮದ್ದು ಅಂದರೆ ಕೈಮದ್ದು, ಸೊಸೆಯಾದವಳು ಊಟದಲ್ಲಿ ಗುಟ್ಟಾಗಿ ಕಲಸಿ ಗಂಡನನ್ನು ಬುಟ್ಟಿಗೆ ಹಾಕಿಕೊಳ್ಳುವುದು, ಅತ್ತೆಯನ್ನು ಸವೆಸಿ ಸವೆಸಿ ಕೊಲ್ಲುವುದು.

ಬಾಣಾವರದ ಕಡೆ ಯಾರೋ ಕೈಮದ್ದು ಕಕ್ಕಿಸುತ್ತಾರೆ ಅಂತ ಅತ್ತೆ ಹೋಗಿ, ಅದೇನೋ ಸೊಪ್ಪಿನ ರಸ ಕುಡಿದು ಕಕ್ಕಿ, ಬಂದು ಮಗನ ಮುಂದೆ, ಕಪ್ಪಗೆ ಗಂಟು ಬಿತ್ತು ಕಣ್ಲಾ ಮರಿಯ, ನಿನ್ನೆಂಡ್ತಿ ಇಕ್ಕಿದ್ದು — ಸೊಪ್ಪು ಕುಡಿದರೆ ಸೊಪ್ಪು ಬೀಳದೆ ಚಿನ್ನ ಬೀಳುತ್ತದೆಯೇ — ಅವತ್ತಿನಿಂದ ಮುದುಕಿ ತಟ್ಟೆ ಇಟ್ಟೊಡನೆ ಮುದ್ದೆಯ ಮಗ್ಗುಲನ್ನು ಚಿವುಟುತ್ತಾಳೆ, ಸಾರಿಗದ್ದಿ ಕೆಂಚಿಗೆ ಹಾಕುತ್ತಾಳೆ, ಅದು ತಿಂದು ಮೀಸೆ ಒರೆಸಿಕೊಳ್ಳುವವರೆಗೂ ಕಾಯುತ್ತಾಳೆ, ಆಮೇಲೆ ತನ್ನ ತುತ್ತು. ವಸಂತಮ್ಮ ಕಂಬ ಹಿಡಿದು ನೋಡುವುದು ಆ ಗುಳಿಯನ್ನೇ, ತಾನು ದುಂಡಗೆ ಕಟ್ಟಿದ ಮುದ್ದೆಯ ಮಗ್ಗುಲಲ್ಲಿ ಉಗುರಿನ ಗುರುತಿನ ಗುಳಿ, ಮೈಯೆಲ್ಲ ಉರಿಯುತ್ತದೆ, ಗಂಡ ಮರಿಯಣ್ಣ ಏನಂದ, ಹೋಗ್ಲಿ ಬಿಡು ವಸಂತ, ವಯಸ್ಸಾದೋರು, ಬೆಕ್ಕಿಗೊಂದ್ ಚೂರು ಆಕುದ್ರೆ ನಿನ್ ಗಂಟೇನ್ ಹೋಯ್ತದೆ, ಗಂಟಂತೆ, ಹೋದದ್ದು ಮಾನ. ಆದರೂ ಅವನು ನಂಬಿಲ್ಲ, ಬಡಿಸಿದ್ದನ್ನು ತಲೆ ಬಗ್ಗಿಸಿ ಉಣ್ಣುತ್ತಾನೆ, ಅದೊಂದು ಇರುವುದರಿಂದಲೇ ಅವಳು ಈ ಮನೆಯಲ್ಲಿ ಇದ್ದಾಳೆ.

ಈಗ ನೋಡಿದರೆ ಕೆಂಚಿಗೆ ಜ್ವರ, ಅದು ತಿನ್ನದೆ ಮುದುಕಿಯೂ ತಿನ್ನುವುದಿಲ್ಲ, ನಿನ್ನೆಯಿಂದ ಬರೀ ಎಳನೀರು, ಬೆಕ್ಕಿಗೇ ಇಂಗಾತು, ನಂಗಿನ್ನೆಂಗೋ ಅಂತ ಬಂದವರ ಮುಂದೆಲ್ಲ ರಾಗ. ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬೇಲೂರಿಗೆ ಹೋಗಿದ್ದಾಯಿತು, ಕಂಡಕ್ಟರನ ಕೈಲಿ ಉಗಿಸಿಕೊಂಡಿದ್ದಾಯಿತು, ದನದ ಡಾಕ್ಟರು ಹರ್ಷಿತಾ ಅಂತ ಚಿಕ್ಕ ಹುಡುಗಿ, ನುಂಗ್ಲಿಲ್ಲ ಅಂದ್ರೆ ಊಟದಲ್ಲಿ ಬೆರೆಸ್ಬಿಡಿ ಆಂಟಿ, ಅದಕ್ಕೆ ಗೊತ್ತೇ ಆಗಲ್ಲ — ನಗು ಬಂದಿತ್ತು, ಅದನ್ನೇ ಮಾಡದೆ ತಾನೇ ತಾನು ಇಷ್ಟೆಲ್ಲ ಅನ್ನಿಸಿಕೊಂಡದ್ದು. ಆದರೆ ಬೆರೆಸಿದರೂ ತನ್ನ ಕೈಯಿಂದ ತಿನ್ನದು ಈ ಪಾಪಿ ಬೆಕ್ಕು, ತಿಂದರೆ ಮುದುಕಿಯ ಕೈಯಿಂದಲೇ ತಿಂದೀತು, ಮುದುಕಿ ಚಿವುಟುವುದು ಯಾವಾಗಲೂ ಬಲಮಗ್ಗುಲನ್ನೇ — ಅಲ್ಲಿ ಇಟ್ಟರೆ? ಹೋಗುವುದು ಬೆಕ್ಕಿನ ಹೊಟ್ಟೆಗೆ ತಾನೇ, ಇದು ಎದ್ದು ಓಡಾಡಿದರೆ ಊರ ಬಾಯಿ ಮುಚ್ಚುತ್ತದೆ, ಬಾಗಿಲಲ್ಲಿ ಮರಿಯಣ್ಣನ ಚಪ್ಪಲಿ ಸದ್ದು, ಊಟದ ಹೊತ್ತು, ಬೆಕ್ಕಿನ ಆಸೆಗೆಂದೇ ಮಾಡಿದ ಕೆರೆ ಮೀನಿನ ಸಾರು ಕುದಿಯುತ್ತಿತ್ತು, ಮಾತ್ರೆ ಚೂರು ಮಾಡಿ, ಅತ್ತೆಯ ಬಿಸಿ ಮುದ್ದೆಯ ಬಲಕ್ಕೆ ಒತ್ತಿ, ಒದ್ದೆ ಕೈಯಲ್ಲಿ ಸವರಿದಳು.

ತಾಯಿ ಮಗ ಇಬ್ಬರಿಗೂ ತಟ್ಟೆ ಇಟ್ಟಳು, ಉಣ್ಣಿ ಅತ್ತೆ, ಮೀನು. ಮುದುಕಿ ಮೂಗರಳಿಸಿದಳು, ಮಂಚದ ಕೆಳಗೆ ಕೆಂಚಿಯೂ ಕತ್ತೆತ್ತಿತು, ತಿನ್ನುತ್ತದೆ ಇವತ್ತು, ತಿನ್ನೇ ನನ್ನಮ್ಮಾ, ಮುದುಕಿ ಚಿವುಟಿದಳು, ಬೆರಳು ನಿಂತಿತು, ತಿಕ್ಕಿ ನೋಡಿದಳು, ತುದಿಯಲ್ಲಿ ಬಿಳಿ ಚೂರು, ನೋಡ್ಲಾ ಮರಿಯ, ಇದೇನೈತೆ ಕೇಳು ನಿನ್ನೆಂಡ್ತೀನ, ಮಾತ್ರೆ, ಮಾತ್ರೆ ಅನ್ನಬೇಕು, ಅಯ್ಯೋ ಅದು ಮದ್ದು ಕಣ್ರೀ, ಬೆಕ್ಕಿಗೆ ಅಂತ ನಾನೇ ಹಾಕಿದ ಮದ್ದು — ಆಡಿಬಿಟ್ಟಳು, ಇಷ್ಟು ದಿನ ಕಟ್ಟಿಟ್ಟದ್ದು ತಾನಾಗಿ ಉದುರಿತು. ಬೆಕ್ಕಿನ್ ಮಾತ್ರೆಯಂತೆ ಬಿಡವ್ವ, ಅಂದ ಮರಿಯಣ್ಣ, ನಕ್ಕ ಹಾಗೂ ಮಾಡಿದ, ಅವಳ ಉಸಿರು ವಾಪಸ್ಸು ಬಂತು, ನೋಡು, ನನ್ನ ಗಂಡ — ಅವನ ಕೈ ತನ್ನ ತಟ್ಟೆಗೆ ಹೋಯಿತು, ಚಿವುಟಿತು, ಸಾರಿಗದ್ದಿತು, ಅವಳ ಕಡೆ ನೋಡದೆ ಕೆಂಚಿಯ ಮುಂದೆ ಇಟ್ಟಿತು. ಕೆಂಚಿ ಮೂಸಿತು, ತಿನ್ನಲಿಲ್ಲ, ಗೀಟುಕಣ್ಣು ಎತ್ತಿ ಅವಳನ್ನು ನೋಡಿತು, ಬೆಕ್ಕಿನ ಯೋಚನೆ ಹಾಳಾಗಲಿ, ಮಗ್ಗುಲಲ್ಲೇ ಮಲಗಿದ ಈ ಮನುಷ್ಯನದು, ಇಷ್ಟು ವರ್ಷ, ತಲೆ ಬಗ್ಗಿಸಿ ಉಣ್ಣುವಾಗ ಏನಿತ್ತೋ — ಅವನು ಕಾಯುತ್ತಿದ್ದಾನೆ, ತಟ್ಟೆಯಲ್ಲಿ ಮುದ್ದೆ, ಮುದ್ದೆಯ ಮಗ್ಗುಲಲ್ಲಿ ಗುಳಿ, ಉಗುರಿನ ಗುರುತಿನ ಗುಳಿ.