ಕರಗದ ಸ್ಟಿಕ್ಕರ್

ರದ್ದಿ ಕಾಗದವನ್ನು ನೀರಲ್ಲಿ ಅರೆದು, ಅಚ್ಚಿಗೆ ಹಾಕಿ, ಮೊಟ್ಟೆ ಇಡುವ ಟ್ರೇ ಮಾಡುವ ಕಾರ್ಖಾನೆ ನಮ್ಮಪ್ಪನದು. ಕಾಗದದ ಜೊತೆ ಒಂದು ಚೂರು ಪ್ಲಾಸ್ಟಿಕ್ ತೊಟ್ಟಿಗೆ ಬಿದ್ದರೂ ಸಾಕು, ಕೆಲಸದವರ ಜನ್ಮ ಜಾಲಾಡಿಬಿಡುತ್ತಾರೆ.

ನನ್ನ ಮದುವೆ ಮುರಿದ ದಿನ ಮನೆಯಲ್ಲಿ ಐನೂರು ಕರೆಯೋಲೆಗಳು ಹಂಚದೆ ಉಳಿದಿದ್ದವು. ಮುರಿದದ್ದು ನಾನೇ. ಮದುವೆಯಾದ ಮೇಲೆ ಕಾರ್ಖಾನೆ ಕಡೆ ತಲೆ ಹಾಕಬಾರದು ಎಂದು ಹುಡುಗ ಹೇಳಿದ. ನಾನು ಬಾಗಿಲು ತೋರಿಸಿದೆ.

"ಊರಿಗೆಲ್ಲ ಡಂಗುರ ಆಗೋದು ಬೇಡ," ಎಂದ ಅಪ್ಪ, ಕಟ್ಟುಗಳನ್ನು ತಾವೇ ಹೊತ್ತುಕೊಂಡು ಹೋಗಿ, ಒಂದನ್ನೂ ಬಿಚ್ಚಿ ನೋಡದೆ ತೊಟ್ಟಿಗೆ ಸುರಿದರು.

ಕಾಗದವೇನೋ ಕರಗಿತು. ಆದರೆ ಹುಡುಗ ಹಟ ಹಿಡಿದು ಪ್ರತಿ ಕರೆಯೋಲೆಗೂ ಅಂಟಿಸಿದ್ದ ಚಿನ್ನದ ಬಣ್ಣದ ಪ್ಲಾಸ್ಟಿಕ್ ಸ್ಟಿಕ್ಕರ್ ಕರಗಲಿಲ್ಲ. ಒಣಗಿದ ಟ್ರೇಗಳನ್ನು ಕೆಲಸದವರು ತಿರುಗಿಸಿಯೂ ನೋಡದೆ ಲಾರಿಗೆ ತುಂಬಿದರು.

ಅಪ್ಪನಿಗೆ ಗೊತ್ತಾದದ್ದು ವಾರದ ಮೇಲೆ, ಮೊಟ್ಟೆ ವ್ಯಾಪಾರಿ ಒಂದು ಟ್ರೇ ಹಿಡಿದು ಬಂದಾಗ. ಬೂದು ಬಣ್ಣದ ಗುಳಿಯ ನಡುವೆ "ತಪ್ಪದೆ ಬನ್ನಿ" ಎಂಬ ಅಕ್ಷರಗಳು ಫಳಫಳ ಹೊಳೆಯುತ್ತಿದ್ದವು. ಅಪ್ಪ ಕುರ್ಚಿಯಲ್ಲೇ ಕುಗ್ಗಿಹೋದರು.

"ಎಂಥಾ ತಲೆ ಯಜಮಾನ್ರೇ ನಿಮ್ದು! ಇದನ್ನ ಓದ್ಕೊಂಡು ಗಿರಾಕಿಗಳು ತಪ್ಪದೆ ಬರ್ತಿದಾರೆ. ಮುಂದಿನ ಲೋಡಿಗೂ ಇದೇ ಮಾಲು ಕೊಡಿ," ಎಂದ ವ್ಯಾಪಾರಿ.

ಅಪ್ಪ ನನ್ನ ಮುಖ ನೋಡಿದರು.

"ಅದಕ್ಕೆ ನಾನು ಇನ್ನೊಬ್ಬನಿಗೆ ಮೊದಲು ಹೂಂ ಅಂದು, ಆಮೇಲೆ ಊಹೂಂ ಅನ್ಬೇಕಾಗುತ್ತೆ," ಎಂದೆ.